ಬೆಂಗಳೂರಿನ ಎಚ್‌ಎಎಲ್ ಇಷ್ಟು ದೊಡ್ಡದಾಗಿ ಬೆಳೆದದ್ದು ಹೇಗೆ?

ಎರಡನೇ ಮಹಾಯುದ್ಧದ ಕಾಲದಲ್ಲಿ ಹುಟ್ಟಿದ ಈ ವಿಮಾನ ಕಾರ್ಖಾನೆ ಯುದ್ಧ ಮುಗಿದ ಮೇಲೂ ಹೇಗೆ ಉಳಿದು ಬೆಳೆಯಿತು ಎಂದು ಕೇಳಿದ್ದೀರಿ. ನನ್ನ ತಂದೆ ಅಲ್ಲಿ ಫಿಟ್ಟರ್ ಆಗಿದ್ದರು, ನಾನು ಬೆಳೆದದ್ದು ಕಾರ್ಖಾನೆಯ ಪಕ್ಕದ ವಿಮಾನಪುರದಲ್ಲಿ. ನನ್ನ ಪ್ರಕಾರ ಅದನ್ನು ಉಳಿಸಿದ್ದು ದುರಸ್ತಿ ಕೆಲಸ ಮತ್ತು ರೈಲು ಬೋಗಿ.

1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಮರುವರ್ಷವೇ ಹಾರ್ಲೋ ತರಬೇತಿ ವಿಮಾನ ಹಾರಿತು. ಆದರೆ 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನೆಯ ಕೈಗೆ ಹೋಗಿ, ದುರಸ್ತಿಯೇ ಮುಖ್ಯ ಕೆಲಸವಾಯಿತು. ನೀರಿನ ಮೇಲಿಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು! ನಮ್ಮವರ ಕೈ ಪಳಗಿದ್ದು ಆ ವಿಮಾನಗಳನ್ನು ಬಿಚ್ಚಿ ಜೋಡಿಸುತ್ತಲೇ.

ಯುದ್ಧ ಮುಗಿದಾಗ ಕೆಲಸ ಬತ್ತಿತು. ಪಳಗಿದ ಕೈಗಳು ಚದುರಿಹೋಗದಂತೆ ತಡೆದದ್ದು ರೈಲು ಬೋಗಿ ಮತ್ತು ಬಸ್ಸಿನ ಕವಚ ಕಟ್ಟುವ ಕೆಲಸ. ಆ ಬೋಗಿ ವಿಭಾಗದಿಂದಲೇ 1964ರಲ್ಲಿ ರೈಲು ಬೋಗಿ, ಮಣ್ಣು ಅಗೆಯುವ ಯಂತ್ರಗಳನ್ನು ಕಟ್ಟುವ ಬೆಮೆಲ್ ಕಂಪನಿ ಹುಟ್ಟಿತು. ತಗಡುಗಳನ್ನು ಜೋಡಿಸುವ ಮೊಳೆಯಂಥ ರಿವೆಟ್ ಹೊಡೆಯುವುದು ಇಬ್ಬರ ಕೆಲಸ. ಹೊರಗಿನವನು ರಿವೆಟ್ ಗನ್ ಹಿಡಿದರೆ ಒಳಗಿನವನು ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಗದ್ದಲದಲ್ಲಿ ಮಾತು ಕೇಳಿಸದು. ಒಳಗಿನವನು ಒಂದು ಸಲ ತಟ್ಟಿದರೆ ‘ಇನ್ನೊಮ್ಮೆ ಹೊಡೆ’, ಎರಡು ಸಲ ತಟ್ಟಿದರೆ ‘ಸರಿಯಾಗಿ ಕೂತಿದೆ’. ಮನೆಯಲ್ಲೂ ಅಪ್ಪ ತಟ್ಟೆಯ ಅಂಚನ್ನು ಬೆರಳಿನಿಂದ ಎರಡು ಸಲ ತಟ್ಟಿದರೆ ಸಾರು ಚೆನ್ನಾಗಿದೆ ಎಂದು ಅಮ್ಮನಿಗೆ ತಿಳಿಯುತ್ತಿತ್ತು.

1951ರ ಆಗಸ್ಟ್‌ನಲ್ಲಿ ವಿ.ಎಂ. ಘಾಟಗೆ ಅವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ ಹಾರಿತು. ಜನ ಇಂದಿನ ತೇಜಸ್ ಯುದ್ಧವಿಮಾನದ ಬಗ್ಗೆ ಹೆಮ್ಮೆಪಡುತ್ತಾರೆ, ನಾನೂ ಪಡುತ್ತೇನೆ. ಆದರೂ ಈ ಪುಟ್ಟ ಎಚ್‌ಟಿ-2 ನನಗೆ ದೊಡ್ಡದು. ನಾವೇ ಯೋಚಿಸಿ ನಾವೇ ಕಟ್ಟಬಲ್ಲೆವು ಎಂದು ಮೊದಲು ತೋರಿಸಿದ್ದು ಅದು. ಹತ್ತು ವರ್ಷ ಕಳೆಯುವುದರೊಳಗೆ, 1961ರ ಜೂನ್‌ನಲ್ಲಿ, ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ರೂಪುಗೊಂಡ ಜೆಟ್ ಯುದ್ಧವಿಮಾನ ಮಾರುತ ಆಕಾಶಕ್ಕೇರಿತು. ಅದಕ್ಕೆ ತಕ್ಕ ಶಕ್ತಿಯುಳ್ಳ ಎಂಜಿನ್ ಸಿಗಲಿಲ್ಲ ಎಂಬ ನೋವು ಅಪ್ಪನಿಗೆ ಕೊನೆಯವರೆಗೂ ಇತ್ತು. 1964ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಮತ್ತು ಏರೋನಾಟಿಕ್ಸ್ ಇಂಡಿಯಾ ಕಂಪನಿಗಳು ವಿಲೀನವಾಗಿ ಇಂದಿನ ಎಚ್‌ಎಎಲ್, ಅಂದರೆ ಹಿಂದೂಸ್ತಾನ್ ಏರೋನಾಟಿಕ್ಸ್, ಆಯಿತು. ಮುಂದೆ ಜಾಗ್ವಾರ್ ಯುದ್ಧವಿಮಾನ, ಧ್ರುವ ಹೆಲಿಕಾಪ್ಟರ್, ತೇಜಸ್ ಬಂದವು.

ಈಗ ಸುತ್ತ ಊರು ಮುತ್ತಿಕೊಂಡಿದೆ. 2023ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇರುವುದು ಬೆಂಗಳೂರಿನಾಚೆ, ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ 615 ಎಕರೆಯಲ್ಲಿ. ಬೆಂಗಳೂರಿಗೆ ಬಂದರೆ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಿ. ಅಲ್ಲಿ ಮಾರುತ ನಿಂತಿದೆ, ಹತ್ತಿರ ಹೋಗಿ ಅದರ ರಿವೆಟ್ ಸಾಲುಗಳನ್ನು ನೋಡಿ.