ಮೊನಚು ಹಲ್ಲು, ಬೆವರದ ಮೈ: ಟಾನಿಕ್ಕಿನಿಂದ ಸರಿಯಾಗುವುದಲ್ಲ

ಪ್ರಶ್ನೆ: 3 ವರ್ಷದ ಮಗನಿಗೆ ಮುಂದೆ ಎರಡೇ ಚೂಪು ಹಲ್ಲು ಬಂದಿವೆ. ಕೂದಲು ವಿರಳ, ಬೇಸಿಗೆಯಲ್ಲಿ ಪದೇ ಪದೇ ಜ್ವರ. ಕ್ಯಾಲ್ಸಿಯಂ ಟಾನಿಕ್ ಫಲ ಕೊಟ್ಟಿಲ್ಲ. ಸಂಬಂಧದಲ್ಲೇ ಮದುವೆಯಾದದ್ದು ಕಾರಣವೇ?

ಉತ್ತರ: ಹಲ್ಲಿನ ಮೊಳಕೆಯೇ ಇಲ್ಲದ ದವಡೆಯಲ್ಲಿ ಯಾವ ಟಾನಿಕ್ಕೂ ಹಲ್ಲು ಬರಿಸಲಾರದು, ಹಾಗೆಂದು ನಂಬಿಸಿ ಬಾಟಲಿ ಮಾರುವವರ ಬಳಿ ದಯವಿಟ್ಟು ಮತ್ತೆ ಹೋಗಬೇಡಿ. ನೀವು ಬರೆದಿರುವ ಮೂರೂ ಲಕ್ಷಣಗಳನ್ನು ಕೂಡಿಸಿ ನೋಡಿದರೆ ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ ಎಂಬ ಹುಟ್ಟಿನಿಂದಲೇ ಬರುವ ಆನುವಂಶಿಕ ಕಾಯಿಲೆಯ ಅನುಮಾನ ಬಲವಾಗುತ್ತದೆ. ಭ್ರೂಣದ ಹೊರಪದರದಿಂದ ಹಲ್ಲು, ಕೂದಲು, ಬೆವರಿನ ಗ್ರಂಥಿಗಳು ರೂಪುಗೊಳ್ಳಲು ಬೇಕಾದ ಸಂಕೇತದ ಪ್ರೋಟೀನು ಎಕ್ಸ್ ವರ್ಣತಂತುವಿನ ಇಡಿಎ ಎಂಬ ಜೀನಿನಿಂದ ತಯಾರಾಗುತ್ತದೆ. ಅದು ಕೆಟ್ಟರೆ ಮೂರೂ ಒಟ್ಟಿಗೆ ಕುಂಠಿತವಾಗುತ್ತವೆ. ಸಿಂಧ್ ಪ್ರಾಂತ್ಯದ ಒಂದು ಹಿಂದೂ ಕುಟುಂಬದ ನಾಲ್ಕು ತಲೆಮಾರುಗಳಲ್ಲಿ 10 ಗಂಡಸರಿಗೆ ಹೀಗಿದ್ದುದನ್ನೂ, ದೋಷವು ಹೆಣ್ಣುಮಕ್ಕಳ ಮೂಲಕ ಅವರ ಗಂಡುಮಕ್ಕಳಿಗೆ ದಾಟುತ್ತಿದ್ದುದನ್ನೂ ಡಾರ್ವಿನ್ 1875ರಲ್ಲೇ ದಾಖಲಿಸಿದ್ದರು. ಜೀನು ಪತ್ತೆಯಾದದ್ದು 1996ರಲ್ಲಿ.

ದೋಷ ಇಡಿಎಯಲ್ಲಿದ್ದರೆ ನಿಮ್ಮ ಮದುವೆಗೂ ಅದಕ್ಕೂ ಸಂಬಂಧವಿಲ್ಲ. ತಾಯಿ ಈ ದೋಷವನ್ನು ಹೊತ್ತ ವಾಹಕಳಾಗಿದ್ದರೆ ಪ್ರತಿ ಗಂಡುಮಗುವಿಗೂ ಅರ್ಧ ಸಾಧ್ಯತೆ. ಮಗುವಿನಲ್ಲೇ ಹೊಸದಾಗಿ ಉಂಟಾದ ದೋಷವೂ ಆಗಿರಬಹುದು. ಆದರೆ ಇಡಿಎ ಪ್ರೋಟೀನಿನ ಸಂಕೇತವನ್ನು ಸ್ವೀಕರಿಸುವ ಭಾಗವನ್ನು ತಯಾರಿಸುವ ಇಡಿಎಆರ್ ಎಂಬ ಇನ್ನೊಂದು ಜೀನಿನ ದೋಷ ತಂದೆತಾಯಿ ಇಬ್ಬರಿಂದಲೂ ಬಂದಿದ್ದರೆ ರಕ್ತಸಂಬಂಧದ ಮದುವೆ ಲೆಕ್ಕಕ್ಕೆ ಬರುತ್ತದೆ. ಇದನ್ನು ತೀರ್ಮಾನಿಸುವುದು ಜೀನ್ ಪರೀಕ್ಷೆಯೇ ಹೊರತು ಅತ್ತೆಮನೆಯವರ ಊಹೆಯಲ್ಲ, ಗ್ರಹಣದ ದಿನ ತಾಯಿ ಹೊರಗೆ ಬಂದಳೆಂಬ ದೂರಂತೂ ಅಲ್ಲವೇ ಅಲ್ಲ.

ನನಗೆ ಹಲ್ಲಿಗಿಂತ ಆ ಜ್ವರದ್ದೇ ಹೆಚ್ಚು ಚಿಂತೆ. ಬೆವರದ ಮಗುವಿನ ಮೈ ಸೋಂಕಿಲ್ಲದೆಯೂ ಕಾದು ಪ್ರಾಣಕ್ಕೆ ಕುತ್ತಾಗಬಲ್ಲದು. ಆ ತಾಪಕ್ಕೆ ಪ್ಯಾರಾಸಿಟಮಾಲ್ ನಾಟುವುದಿಲ್ಲ. ಒದ್ದೆ ಬಟ್ಟೆ, ತಂಪು ಕೋಣೆ, ಫ್ಯಾನು ಬೇಕು. ಅಷ್ಟಕ್ಕೂ ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಮಗು ಬೆವರುವುದಿಲ್ಲವೆಂದು ನೀವಾಗಿಯೇ ಹೇಳಿ. ತೆಗೆದು ಹಾಕುವ ಹಲ್ಲಿನ ಸೆಟ್ಟನ್ನು ಈ ವಯಸ್ಸಿನಲ್ಲೇ ಕೊಡಬಹುದು, ದವಡೆ ಬೆಳೆದಂತೆ ಬದಲಿಸಬೇಕಾಗುತ್ತದೆ. ದವಡೆಯ ಮೂಳೆಯಲ್ಲೇ ಕೂರಿಸುವ ಇಂಪ್ಲಾಂಟಿಗೆ ಯಾರಾದರೂ ಈಗಲೇ ಅವಸರಪಡಿಸಿದರೆ ಒಪ್ಪಬೇಡಿ.

ಪ್ರಶ್ನೆ: ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡೇ?

ಉತ್ತರ: ಇಲ್ಲ. ಈ ಪ್ರಶ್ನೆಯನ್ನು ಇನ್ನು ಕಳುಹಿಸಬೇಡಿ.

ಪ್ರಶ್ನೆ: ಮೊಮ್ಮಗಳು ಹುಟ್ಟುವಾಗಲೇ ಹಲ್ಲಿತ್ತು, ಎರಡೂ ಕೈಗಳಲ್ಲಿ ಆರು ಬೆರಳು. ಅದೃಷ್ಟವೆನ್ನುತ್ತಾರೆ, ನಿಜವೇ?

ಉತ್ತರ: ಹಲ್ಲೊಂದೇ ಇದ್ದಿದ್ದರೆ ಗಾಬರಿ ಬೇಡವೆನ್ನುತ್ತಿದ್ದೆ. ಎರಡೂ ಸೇರಿದಾಗ ಎಲಿಸ್-ವಾನ್ ಕ್ರೆವೆಲ್ಡ್ ಸಿಂಡ್ರೋಮ್ ಎಂಬ ಅಪರೂಪದ ಆನುವಂಶಿಕ ಕಾಯಿಲೆ ಇರಬಹುದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಹೃದಯದ ದೋಷವಿರುತ್ತದೆ. ಈ ವಾರವೇ ಮಕ್ಕಳ ತಜ್ಞರಿಗೆ ತೋರಿಸಿ, ಹೃದಯದ ಎಕೋ ಮಾಡಿಸಿ.