ಮಿರಜಕ್ಕೆ ಕೆಲಸಕ್ಕೆ ಹೋಗುವುದೆಂದರೆ

ಯಾರ ಮನೆಯಲ್ಲಿ ಇವತ್ತು ಏನು ಪಲ್ಯ ಅಂತ ಓಣಿಗೆಲ್ಲ ಗೊತ್ತಿರುವ ಊರು. ಅಂಥ ಕಡೆ ನಿಮ್ಮ ತಾಯಿ ಮೈ ಮಾರುವ ದಂಧೆಗೆ ಹೋಗ್ತಿದ್ದದ್ದು ಒಬ್ಬರಿಗೂ ತಿಳಿಯಲಿಲ್ವಾ? ನೀವು ಕೇಳಿದ್ದು ಇದೇ ಅಲ್ವಾ.

ನಮ್ಮದು ಕುಡಚಿ ಕಡೆಯ ಹಳ್ಳಿ. ಜಿಲ್ಲೆ ಬೆಳಗಾವಿ, ಹತ್ತಿರ ಮಾತ್ರ ಮಿರಜ. ಕುಡಚಿಯಲ್ಲಿ ರೈಲು ಹತ್ತಿದರೆ ಉಗಾರ, ಶೇಡಬಾಳ ಆದ ಮೇಲೆ ಮಹಾರಾಷ್ಟ್ರ. ಜ್ವರ ಇಳಿಯದಿದ್ದರೂ, ಹೆರಿಗೆ ಕಷ್ಟವಾದರೂ ನಾವು ಓಡುವುದು ಮಿರಜದ ದವಾಖಾನೆಗೆ. ಹಾಗಾಗಿ ಅಲ್ಲಿ ಆಯಾ ಕೆಲಸ ಸಿಕ್ಕಿದೆ ಅಂದರೆ ಯಾರೂ ಕೆದಕುವುದಿಲ್ಲ. ರಾತ್ರಿ ಪಾಳಿ ಅಂದರೂ ನಂಬುತ್ತಾರೆ. ರೈಲು ಇಳಿದರೆ ಮಾತು ಮರಾಠಿ, ಯಾರ ಮಗಳು ಯಾರ ಸೊಸೆ ಅಂತ ಕೇಳುವವರಿಲ್ಲ.

ಹೊರಗಿನವರು ಕೂಡಲೇ 'ದೇವದಾಸಿನಾ?' ಅಂತಾರೆ. ಹೆಣ್ಣುಮಕ್ಕಳನ್ನು ದೇವರಿಗೆ ಬಿಟ್ಟು ಮುತ್ತು ಕಟ್ಟುವುದನ್ನು ನಿಷೇಧಿಸಿದ ಕರ್ನಾಟಕದ ಕಾಯ್ದೆ 1982ರದು. ಆಮೇಲೂ ಕದ್ದು ಕಟ್ಟಿದವರಿದ್ದಾರೆ, ನಿಜ. ಆದರೆ ನಮ್ಮವ್ವನ ವಿಷಯಕ್ಕೆ ಸುಮ್ನೆ ಯಲ್ಲಮ್ಮನನ್ನು ಎಳೆಯಬೇಡಿ. ಅಪ್ಪ ಮೊದಲೇ ತೀರಿಹೋಗಿದ್ದ. 2019ರ ಆಗಸ್ಟ್‌ನಲ್ಲಿ ಹೊಳೆ ಬಂದು ಪಡಸಾಲೆಯ ಗೋಡೆ ಕುಸಿಯಿತು. ಅದನ್ನು ಎಬ್ಬಿಸಲು ಒಂದು ಸಂಘದಲ್ಲಿ ಸಾಲ, ಅದರ ಕಂತಿಗೆ ಇನ್ನೊಂದು ಸಂಘದ ಸಾಲ. ವಾರ ಬಂತೆಂದರೆ ಬಾಗಿಲಲ್ಲಿ ವಸೂಲಿಯವರ ಬೈಕು. ಕಂತು ಕಟ್ಟುವ ತನಕ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ.

ಅವ್ವ ಡಬ್ಬಿಯಲ್ಲಿ ರೊಟ್ಟಿ ಕಟ್ಟಿಕೊಂಡು ಸಂಜೆ ಹೋದರೆ ಮರುದಿನ ಬರುತ್ತಿದ್ದಳು. ಸೀರೆಗೆ ದವಾಖಾನೆಯ ವಾಸನೆ. ಅದಕ್ಕೇ ನನಗೆ ಅನುಮಾನ ಬರಲಿಲ್ಲ.

ಗೊತ್ತಾದದ್ದು 2020ರ ಮಾರ್ಚ್‌ನಲ್ಲಿ. ರೈಲು ನಿಂತಿತು. ಕಾಗವಾಡದಲ್ಲಿ ಗಡಿ ಕಾಯಲು ಪೊಲೀಸರು ಕೂತರು. ದವಾಖಾನೆಗಳು ಮಾತ್ರ ತೆರೆದೇ ಇದ್ದವು. ನಮ್ಮ ಓಣಿಯಲ್ಲೇ ನರ್ಸ್ ಆಗಿದ್ದವಳನ್ನು ಪಾಸು ಕೊಟ್ಟು ಕರೆಸಿಕೊಂಡರು. ಅವ್ವನಿಗೆ ದವಾಖಾನೆಯಿಂದ ಒಂದು ಫೋನೂ ಬರಲಿಲ್ಲ. ಬರಬೇಕಾದ ಪಗಾರದ ಮಾತನ್ನು ಅವಳೂ ಎತ್ತಲಿಲ್ಲ. ಚಿಲ್ಲರೆಗೆಂದು ಅವಳ ಚೀಲಕ್ಕೆ ಕೈ ಹಾಕಿದೆ. ರೈಲಿನ ಪಾಸು, ಬಾಚಣಿಗೆ, ಅಂಗೈಯಷ್ಟು ಡೆಟಾಲ್ ಬಾಟಲಿ. ಮುಚ್ಚಳಕ್ಕೆ ಒಂದು ಚಿಂದಿ ಬಟ್ಟೆ ಸುತ್ತಿತ್ತು. ಅದನ್ನು ಮೂಸಿದೆ. ಅವ್ವನ ಸೆರಗಿನ ವಾಸನೆ.

ಕಾನೂನು ಏನು ಹೇಳುತ್ತೆ ಅಂತ ಆಮೇಲೆ ಓದಿದೆ. 1956ರ ಅನೈತಿಕ ಸಾಗಾಟ ತಡೆ ಕಾಯ್ದೆಯಲ್ಲಿ ಮೈ ಮಾರುವುದೇ ಅಪರಾಧ ಅಂತಿಲ್ಲ. ಮನೆ ಇಟ್ಟು ದಂಧೆ ನಡೆಸುವುದು, ಬೀದಿಯಲ್ಲಿ ನಿಂತು ಕರೆಯುವುದು ಅಪರಾಧ. ಗೊತ್ತಿದ್ದೂ ಆ ಗಳಿಕೆಯಲ್ಲಿ ಬದುಕುವ 18 ದಾಟಿದವರಿಗೆ 2 ವರ್ಷದ ತನಕ ಜೈಲು, ಇಲ್ಲವೇ 1000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ತಲೆಹಿಡುಕರನ್ನು ಹಿಡಿಯಲು ಬರೆದದ್ದಿರಬೇಕು. ಆದರೆ ನನಗೂ ಆಗ 18 ದಾಟಿತ್ತು. ಚೀಲ ನೋಡಿದ ದಿನ ರಾತ್ರಿಯೂ ಅವಳು ತಂದಿಟ್ಟ ಅಕ್ಕಿಯ ಅನ್ನವನ್ನೇ ಉಂಡೆ.

ಅವ್ವನನ್ನು ಕೇಳಿದ್ಯಾ ಅಂತೀರಿ. ಇಲ್ಲ. ಬಾಟಲಿ ಇದ್ದಲ್ಲೇ ಇಟ್ಟೆ. ಚೀಲದ ಚೈನು ನಾನು ಪೂರ್ತಿ ಎಳೆದಿರಲಿಲ್ಲ, ಅವಳು ಅದನ್ನು ನೋಡಿದಳು ಅಂತ ನನ್ನ ಅಂದಾಜು. ರೈಲು ಮತ್ತೆ ಶುರುವಾದಾಗ ಅವಳು ಪಾಸು ಮಾಡಿಸಲಿಲ್ಲ. ಈಗ ಒಂದು ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಾಳೆ. ಸಾಲ ಇನ್ನೂ ಇದೆ, ನಾನೂ ದುಡಿಯುತ್ತೇನೆ.

ಹೋದ ತಿಂಗಳು ತಂಗಿಯನ್ನು ನೋಡಲು ಬೀಗರು ಬಂದಿದ್ದರು. ನಿಮ್ಮ ತಾಯಿ ಮೊದಲು ಎಲ್ಲಿ ಕೆಲಸಕ್ಕಿದ್ದರು ಅಂತ ಕೇಳಿದರು. ಅವ್ವ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: ಮಿರಜದಲ್ಲಿ, ದವಾಖಾನೆಯಲ್ಲಿ.