ತಿಂಡಿ ಮರೆತ ಅಜ್ಜಿಗೆ ರಂಗೋಲಿ ಹೇಗೆ ನೆನಪಿದೆ?

ಬೆಳಗಿನ ತಿಂಡಿಯನ್ನೇ ಮರೆಯುವ ಅಜ್ಜಿ ದೊಡ್ಡ ಚುಕ್ಕಿ ರಂಗೋಲಿಯನ್ನು ತಪ್ಪಿಲ್ಲದೆ ಹಾಕುತ್ತಾರೆ, ಬೇಕೆಂದೇ ನಟಿಸುತ್ತಿದ್ದಾರೆಯೇ ಎಂದು ಕೇಳಿದ್ದೀರಿ. ಅದು ನಟನೆಯೇ ಆಗಿರಬೇಕಿಲ್ಲ. ದಯವಿಟ್ಟು ಮನೆಯವರು ಅವರನ್ನು ಗದರಿಸದಿರಲಿ.

ನಡೆದ ಸಂಗತಿಯ ನೆನಪು ಬೇರೆ, ಕೈಗೆ ಕೂತ ಕಸುಬಿನ ನೆನಪು ಬೇರೆ. ಇದನ್ನು ತೋರಿಸಿಕೊಟ್ಟವರು ಅಮೆರಿಕದ ಹೆನ್ರಿ ಮೊಲೈಸನ್. ಮೂರ್ಛೆರೋಗ ತಗ್ಗಿಸಲೆಂದು 1953ರಲ್ಲಿ ಅವರ ಮಿದುಳಿನ ಎರಡೂ ಬದಿಯಲ್ಲಿರುವ, ಹೊಸ ಘಟನೆಗಳನ್ನು ನೆನಪಿಗೆ ಸೇರಿಸುವ ಹಿಪೊಕ್ಯಾಂಪಸ್‌ನ ದೊಡ್ಡ ಭಾಗವನ್ನು ತೆಗೆದರು. ಆಗ ಅವರಿಗೆ 27 ವರ್ಷ. ಆಮೇಲೆ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸ ಘಟನೆಗಳು ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್, ಮೊಲೈಸನ್ ಅವರಿಗೆ ಕನ್ನಡಿಯಲ್ಲಿ ನೋಡುತ್ತಲೇ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಆಡಿಸಲು ಕೊಟ್ಟರು. ದಿನದಿಂದ ದಿನಕ್ಕೆ ತಪ್ಪುಗಳು ಕಡಿಮೆಯಾದವು. ಆದರೆ ಆ ಕೆಲಸವನ್ನು ಹಿಂದೆ ಮಾಡಿದ್ದೇ ಅವರಿಗೆ ನೆನಪಿರಲಿಲ್ಲ! ಮನಸ್ಸಿಗೆ ತಿಳಿಯದೆಯೇ ಕೈ ಕಲಿತಿತ್ತು. ಎಷ್ಟು ಸಲ ಓದಿದರೂ ನನಗೆ ಇದು ಬೆರಗು ಹುಟ್ಟಿಸುತ್ತದೆ.

ಕಸುಬಿನ ನೆನಪು ಹೆಚ್ಚಾಗಿ ಮಿದುಳಿನಲ್ಲಿ ಚಲನೆಯನ್ನು ನೋಡಿಕೊಳ್ಳುವ ಬೇಸಲ್ ಗ್ಯಾಂಗ್ಲಿಯಾ, ಸೆರೆಬೆಲ್ಲಮ್‌ನಂಥ ಭಾಗಗಳನ್ನು ನೆಚ್ಚಿಕೊಂಡಿದೆ. ಹಿಪೊಕ್ಯಾಂಪಸ್ ಸೋತರೂ ಅದು ಬಹುಕಾಲ ಉಳಿಯಬಲ್ಲದು.

ಆದರೂ ವಯಸ್ಸಾಯಿತೆಂದು ಸುಮ್ಮನಿರಬೇಡಿ, ನರರೋಗ ತಜ್ಞರಿಗೆ ತೋರಿಸಿ. ವಿಟಮಿನ್ ಬಿ12 ಕೊರತೆ ಅಥವಾ ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ. ಅವೆರಡಕ್ಕೂ ರಕ್ತಪರೀಕ್ಷೆ ಇದೆ, ಚಿಕಿತ್ಸೆಯೂ ಇದೆ. ರಂಗೋಲಿಯನ್ನು ಮಾತ್ರ ನಿಲ್ಲಿಸಬೇಡಿ.